ಮನೆವಾರ್ತೆ: ಹೋಮ್ ಥಿಯೇಟರಿಗೆ ಎಂಥ ಆಂಪ್ಲಿಫೈಯರು ಬೇಕು?

ಹಾಸನದ ಕಡೆಯ ವಾಚಕರೊಬ್ಬರು ನಮಗೆ ದೀರ್ಘವಾದ ಕಾಗದವೊಂದನ್ನು ಬರೆದಿದ್ದಾರೆ. ಅವರು ಹಿಂದೆ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ಈಗ ವಿಶ್ರಾಂತಿಯಲ್ಲಿರುವವರು. ಅವರ ಮನೆಯಲ್ಲಿ ನಾಲ್ಕು ತಲೆಮಾರಿನವರು ಒಟ್ಟಿಗೆ ಬಾಳುತ್ತಿರುವರು. ಶನಿವಾರ ರಾತ್ರಿ ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಕುಳಿತು ಚಲಚ್ಚಿತ್ರವೊಂದನ್ನು ನೋಡುವುದು ಅವರ ರೂಢಿ. ಎಂಬತ್ತು ದಾಟಿದ ಅವರ ತಾಯಿಯವರಿಗೆ ಈಚೆಗೆ ಚಿತ್ರದ ಮಾತುಗಳು ಸ್ಪಷ್ಟವಾಗಿ ಕೇಳಿಸುತ್ತಿಲ್ಲ. ಮೊದಮೊದಲು ಆಕೆ ಪಕ್ಕದಲ್ಲಿದ್ದ ಸೊಸೆಯನ್ನು "ಏನಂದನೇ ಅವನು?" ಎಂದು ಕೇಳುತ್ತಿದ್ದರಂತೆ. ಈಗ ಕೇಳುವುದನ್ನೂ ಬಿಟ್ಟು, ಚಿತ್ರ ಮೊದಲಾದ ಸ್ವಲ್ಪ ಹೊತ್ತಿಗೆಲ್ಲ "ನನಗೆ ನಿದ್ದೆ ಬರುತ್ತೆ, ನೀವು ನೋಡ್ರಪ್ಪಾ" ಎಂದು ಎದ್ದುಹೋಗುವರಂತೆ. ನಿದ್ರೆಯು ನೆವವೆಂಬುದು ಮನೆಯವರೆಲ್ಲರಿಗೂ ಗೊತ್ತು.

ಅವರ ಮಗನು ಕೆಲವು ವರ್ಷಗಳ ಹಿಂದೆ ಐದು ಸ್ಪೀಕರುಗಳನ್ನೂ ಒಂದು ಸಬ್‌ವೂಫರನ್ನೂ ಅವುಗಳನ್ನು ನಡೆಯಿಸುವ ರಿಸೀವರೊಂದನ್ನೂ ತಂದು ಜೋಡಿಸಿರುವನು. ಈಗ ಅಂಗಡಿಯವರೊಬ್ಬರು, ಈ ರಿಸೀವರಿನಲ್ಲಿ ಶಕ್ತಿಯಿಲ್ಲ, ಚಾನೆಲೊಂದಕ್ಕೆ 300 ವ್ಯಾಟು ಕೊಡುವ ಏಳು ಚಾನೆಲಿನ ಡಿ ವರ್ಗದ ಆಂಪ್ಲಿಫೈಯರನ್ನು ಕೊಂಡರೆ ಅಜ್ಜಿಯವರಿಗೆ ಪಿಸುಮಾತೂ ಕೇಳಿಸುವುದು ಎಂದು ಹೇಳಿರುವರಂತೆ. ಅದಕ್ಕೆ ತಗಲುವ ಹಣವನ್ನು ನಿವೃತ್ತಿಯ ಠೇವಣಿಯಿಂದ ತೆಗೆಯಬೇಕಾಗಿದೆ. "ತೆಗೆಯಲು ನನಗೆ ಬೇಸರವಿಲ್ಲ, ಆದರೆ ತೆಗೆದ ಮೇಲೆ ತಾಯಿಗೆ ಕೇಳಿಸೀತೆ? ಡಿ ವರ್ಗವೆಂದರೇನು? ಎಂಥದನ್ನು ಆರಿಸಬೇಕು?" ಎಂದು ಅವರು ಕೇಳುವರು.

ಇದೇ ಸಂದೇಹವು ಇತರ ಅನೇಕ ಗೃಹಸ್ಥರಿಗೂ ಬರತಕ್ಕುದಾದುದರಿಂದ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಡುವೆವು. ಮೊದಲು ಆ ಯಂತ್ರವೆಂಥದೆಂಬುದನ್ನೂ ಅದನ್ನು ಆರಿಸುವ ಕ್ರಮವನ್ನೂ ತಿಳಿಸಿ, ಕಡೆಗೆ ಉಪಾಧ್ಯಾಯರ ತಾಯಿಯವರ ವಿಷಯಕ್ಕೆ ಬರುವೆವು.

ಡಿ ವರ್ಗವೆಂದರೇನು?

ಆಂಪ್ಲಿಫೈಯರು ಮಾಡತಕ್ಕ ಕೆಲಸ ಒಂದೇ. ತನ್ನೊಳಕ್ಕೆ ಬರುವ ಕ್ಷೀಣವಾದ ವಿದ್ಯುತ್ ಸಂಜ್ಞೆಯನ್ನು, ಅದರ ಆಕಾರ ಕೆಡದಂತೆ, ಸ್ಪೀಕರಿನ ಪೊರೆಯನ್ನು ಅಲುಗಿಸುವಷ್ಟು ಬಲಪಡಿಸಿ ಕಳುಹಿಸುವುದು. ಈ ಕೆಲಸವನ್ನು ಬೇರೆಬೇರೆ ರೀತಿಯಲ್ಲಿ ಮಾಡಬಹುದು. ಆ ರೀತಿಗಳಿಗೆ ಎ, ಬಿ, ಸಿ, ಡಿ ಎಂದು ಅಕ್ಷರಗಳ ಹೆಸರಿಟ್ಟಿದ್ದಾರೆ. ಡಿ ಎಂದರೆ ಡಿಜಿಟಲ್ ಎಂದು ಹಲವರು ತಿಳಿದಿರುವುದುಂಟು, ಅದು ಸರಿಯಲ್ಲ. ಸಿ ಆದ ಮೇಲೆ ಬಂದುದರಿಂದ ಡಿ ಆಯಿತೇ ಹೊರತು ಅದಕ್ಕೆ ಬೇರೆ ಅರ್ಥವಿಲ್ಲ.

ಬಹುಕಾಲದಿಂದ ಮನೆಗಳಲ್ಲಿ ರೂಢಿಯಲ್ಲಿರುವುದು ಎಬಿ ವರ್ಗ. ಇದಕ್ಕೂ ಡಿ ವರ್ಗಕ್ಕೂ ಇರುವ ಭೇದವನ್ನು ತಿಳಿಯಲು ನಮ್ಮ ಮನೆಯ ಸೀಲಿಂಗ್ ಫ್ಯಾನುಗಳ ರೆಗ್ಯುಲೇಟರನ್ನು ನೆನೆದರೆ ಸಾಕು. ಹಿಂದೆ ಗೋಡೆಯ ಮೇಲೆ ಇರುತ್ತಿದ್ದ ದಪ್ಪನೆಯ ರೆಗ್ಯುಲೇಟರನ್ನು ಮುಟ್ಟಿದರೆ ಕೈಗೆ ಬಿಸಿ ತಾಕುತ್ತಿದ್ದಿತು. ಫ್ಯಾನಿಗೆ ಬೇಡವಾದ ವಿದ್ಯುತ್ತನ್ನು ಅದು ತನ್ನ ತಂತಿಯ ಸುರುಳಿಯಲ್ಲಿ ತಡೆದು ಶಾಖವನ್ನಾಗಿ ಕಳೆಯುತ್ತಿದ್ದಿತು. ಈಗಿನ ಪುಟ್ಟ ರೆಗ್ಯುಲೇಟರು ಹಾಗಲ್ಲ, ಅದು ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿದು ಕಡಿದು ಬೇಕಾದಷ್ಟನ್ನೇ ಬಿಡುವುದು, ಆದುದರಿಂದ ತಣ್ಣಗಿರುವುದು. ಎಬಿ ವರ್ಗದ ಟ್ರಾನ್ಸಿಸ್ಟರುಗಳು ಹಳೆಯ ರೆಗ್ಯುಲೇಟರಿನಂತೆ ಅರೆತೆರೆದು ನಿಂತು ಕೆಲಸಮಾಡುವುವು. ಡಿ ವರ್ಗದವು ಪೂರ್ತಿಯಾಗಿ ತೆರೆಯುವುವು ಅಥವಾ ಪೂರ್ತಿಯಾಗಿ ಮುಚ್ಚುವುವು. ಹೀಗೆ ಸೆಕೆಂಡಿಗೆ ಕೆಲವು ಲಕ್ಷ ಸಲ ತೆರೆದು ಮುಚ್ಚುತ್ತ, ತೆರೆದಿರುವ ಕಾಲವನ್ನು ಸಂಗೀತಕ್ಕೆ ಅನುಸಾರವಾಗಿ ಹೆಚ್ಚು ಕಡಮೆ ಮಾಡುವುವು. ಕೊನೆಯಲ್ಲಿ ಒಂದು ತಂತಿಸುರುಳಿಯೂ ಒಂದು ಕೆಪಾಸಿಟರೂ ಆ ಕಡಿತಗಳನ್ನೆಲ್ಲ ಸೋಸಿ, ನುಣುಪಾದ ನಾದವನ್ನು ಮಾತ್ರ ಸ್ಪೀಕರಿಗೆ ಬಿಡುವುವು.

ಇದರಿಂದ ಆಗುವ ಪ್ರಯೋಜನವೇನೆಂದರೆ ಶಾಖವು ಕಡಮೆ. ಹಿಂದಿನ ಬಿ ವರ್ಗದಲ್ಲಿ ಲೆಕ್ಕದ ಪ್ರಕಾರ ಅತ್ಯುತ್ತಮ ಸ್ಥಿತಿಯಲ್ಲಿಯೇ ನೂರಕ್ಕೆ 78.5 ಪಾಲು ಮಾತ್ರ ಸ್ಪೀಕರಿಗೆ ಮುಟ್ಟುವುದು. ಸಾಧಾರಣ ಸದ್ದಿನಲ್ಲಿ ಕೇಳುವಾಗ ಇದಕ್ಕಿಂತ ಬಹಳ ಕಡಮೆ. ಡಿ ವರ್ಗದಲ್ಲಿ ಪೂರ್ಣಶಕ್ತಿಯಲ್ಲಿ ನಡೆಯುವಾಗ ನೂರಕ್ಕೆ ತೊಂಬತ್ತರ ಸುಮಾರು ಮುಟ್ಟುವುದು. ಎರಡು ಚಾನೆಲಿನ ಯಂತ್ರದಲ್ಲಿ ಈ ಭೇದವು ಅಷ್ಟು ದೊಡ್ಡದಲ್ಲ. ಆದರೆ ಐದು, ಏಳು ಆಂಪ್ಲಿಫೈಯರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಬೇಕಾದಾಗ, ಅದನ್ನು ಟಿ.ವಿ.ಯ ಕೆಳಗಿನ ಬೀರುವಿನಲ್ಲಿ ಇಟ್ಟು ಏಪ್ರಿಲ್ ತಿಂಗಳಿನಲ್ಲಿ ನಡೆಯಿಸಬೇಕಾದಾಗ, ಇದೇ ಮುಖ್ಯವಾಗುತ್ತದೆ. ಪೆಟ್ಟಿಗೆಯ ತೂಕವೂ ತಗ್ಗುವುದು. ಬಹುಚಾನೆಲಿನ ಯಂತ್ರಗಳಲ್ಲಿ ಡಿ ವರ್ಗವು ಈಗ ಹೆಚ್ಚಾಗಿ ಬಳಕೆಗೆ ಬರುತ್ತಿರುವುದಕ್ಕೆ ಇದೇ ಕಾರಣ.

ಹಳೆಯ ದೂರು ಮತ್ತು ಅದರ ಪರಿಹಾರ

ಇದು ನಿನ್ನೆ ಮೊನ್ನೆ ಹುಟ್ಟಿದ ಉಪಾಯವಲ್ಲ. ಇಂಗ್ಲೆಂಡಿನ ಸಿಂಕ್ಲೇರ್ ಸಂಸ್ಥೆಯು 1964ರಲ್ಲಿಯೇ ಎಕ್ಸ್-10 ಎಂಬ ಡಿ ವರ್ಗದ ಆಂಪ್ಲಿಫೈಯರನ್ನು ಮಾರಾಟಕ್ಕೆ ತಂದಿತು. ಹೆಸರಿನಲ್ಲಿ 10 ಇದ್ದರೂ ಅದು ಕೊಡುತ್ತಿದ್ದುದು 2.5 ವ್ಯಾಟಿನಷ್ಟೇ. ಡಬ್ಬದ ಮೇಲಿನ ಅಂಕಿಗೂ ಒಳಗಿನ ಶಕ್ತಿಗೂ ಇರುವ ಅಂತರವು ಈ ವರ್ಗದಷ್ಟೇ ಹಳೆಯದೆಂದು ಇದರಿಂದ ತಿಳಿಯಬಹುದು. ಅಷ್ಟು ಬೇಗ ತೆರೆದು ಮುಚ್ಚಬಲ್ಲ ಟ್ರಾನ್ಸಿಸ್ಟರುಗಳು ಆಗ ಇರಲಿಲ್ಲ. 1978ರಲ್ಲಿ ಜಪಾನಿನ ಸೋನಿ ಸಂಸ್ಥೆಯು ಹೊಸ ಬಗೆಯ ಟ್ರಾನ್ಸಿಸ್ಟರುಗಳಿಂದ ಟಿಎ-ಎನ್88 ಎಂಬ ಯಂತ್ರವನ್ನು ಮಾಡಿತು. ಆದರೂ ಬಹುಕಾಲದವರೆಗೆ ಡಿ ವರ್ಗವು ಸಬ್‌ವೂಫರಿಗೆ ಸರಿ, ಸಂಗೀತಕ್ಕೆ ಸಲ್ಲದು ಎಂಬ ಅಭಿಪ್ರಾಯವೇ ಪ್ರಬಲವಾಗಿದ್ದಿತು.

ಆ ಅಭಿಪ್ರಾಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಉತ್ತಮವಾದ ಆಂಪ್ಲಿಫೈಯರುಗಳಲ್ಲಿ, ಹೊರಕ್ಕೆ ಹೋಗುವ ನಾದವನ್ನು ಒಳಕ್ಕೆ ಬಂದುದರೊಡನೆ ಹೋಲಿಸಿ ತಪ್ಪನ್ನು ತಿದ್ದಿಕೊಳ್ಳುವ ಏರ್ಪಾಡಿರುವುದು. ಮೊದಲಿನ ಡಿ ವರ್ಗದ ಯಂತ್ರಗಳಲ್ಲಿ ಕೊನೆಯ ಸೋಸುವ ಸುರುಳಿಯು ಈ ಏರ್ಪಾಡಿನ ಹೊರಗೆ ಉಳಿಯುತ್ತಿದ್ದಿತು. ಆದುದರಿಂದ ಸ್ಪೀಕರು ಬದಲಾದರೆ ತಾರಸ್ವರಗಳು ಒಮ್ಮೆ ಚುಚ್ಚುವಂತೆಯೂ ಒಮ್ಮೆ ಮಂಕಾಗಿಯೂ ಕೇಳುತ್ತಿದ್ದವು. ಈ ಶತಮಾನದ ಮೊದಲ ವರ್ಷಗಳಲ್ಲಿ, ಫಿಲಿಪ್ಸ್ ಸಂಸ್ಥೆಯಲ್ಲಿದ್ದ ಬ್ರೂನೋ ಪುಟ್ಜೇಸ್ ಎಂಬ ಎಂಜಿನಿಯರು ಸುರುಳಿಯನ್ನೂ ತಿದ್ದುಪಾಟಿನ ಒಳಕ್ಕೆ ಸೇರಿಸುವ ಯುಕ್ತಿಯೊಂದನ್ನು ರೂಢಿಗೆ ತಂದರು. ಅವರು ಮುಂದೆ ಹಾಲೆಂಡಿನ ಹೈಪೆಕ್ಸ್ ಸಂಸ್ಥೆಗೆ ಎನ್‌ಕೋರ್ ಎಂಬುದನ್ನು ರಚಿಸಿದರು. ಬಳಿಕ ಅವರೂ ಇತರರೂ ಸೇರಿ ಕಟ್ಟಿದ ಡೆನ್ಮಾರ್ಕಿನ ಪ್ಯೂರಿಫೈ ಸಂಸ್ಥೆಯು 2019ರಲ್ಲಿ ಹೊರತಂದ ಭಾಗವು ಇನ್ನೂ ಸೂಕ್ಷ್ಮವಾದುದು. ಡೆನ್ಮಾರ್ಕಿನದೇ ಆದ ಐಸ್‌ಪವರ್ ಎಂಬುದೂ ಪ್ರಸಿದ್ಧವಾಗಿದೆ. ಬೇರೆಬೇರೆ ಹೆಸರಿನ ಅನೇಕ ಆಂಪ್ಲಿಫೈಯರುಗಳ ಒಳಗೆ ಈ ಮೂರು ಮನೆಗಳ ಭಾಗಗಳೇ ಇರುವುದುಂಟು. ಇಂಥ ಯಂತ್ರಗಳಲ್ಲಿ ಹಳೆಯ ದೂರಿಗೆ ಈಗ ಆಸ್ಪದವಿಲ್ಲ. ಆದಕಾರಣ ಕೊಳ್ಳುವವರು ಪೆಟ್ಟಿಗೆಯ ಹೆಸರಿನಷ್ಟೇ ಒಳಗಿನ ಭಾಗ ಯಾರದೆಂಬುದನ್ನೂ ವಿಚಾರಿಸುವುದು ಯುಕ್ತ.

ವ್ಯಾಟಿನ ಅಂಕಿಯನ್ನು ಓದುವ ಕ್ರಮ

1990ರ ದಶಕದಲ್ಲಿ ಟೇಪ್ ರೆಕಾರ್ಡರು ಕೊಂಡವರಿಗೆ ಪಿಎಂಪಿಓ ಎಂಬ ನಾಲ್ಕು ಅಕ್ಷರಗಳು ನೆನಪಿರಬಹುದು. ಒಂದು ಕೈಯಲ್ಲಿ ಎತ್ತಬಹುದಾದ ಪೆಟ್ಟಿಗೆಯ ಮೇಲೆ ಸಾವಿರ ವ್ಯಾಟೆಂದು ಬರೆದಿರುತ್ತಿತ್ತು. ಆ ಅಂಕಿಗೆ ಯಾವ ನಿಯಮವೂ ಇರಲಿಲ್ಲ. ಆ ಅಕ್ಷರಗಳು ಈಗ ವಿರಳವಾಗಿವೆಯಾದರೂ ಆ ಬುದ್ಧಿಯು ಹೋಗಿಲ್ಲ. ವ್ಯಾಟಿನ ಅಂಕಿಯ ಜೊತೆಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರವಿರದಿದ್ದರೆ ಆ ಅಂಕಿಯನ್ನು ನಂಬಬಾರದು.

ಮೊದಲನೆಯದು: ಎಷ್ಟು ಓಮಿನ ಸ್ಪೀಕರಿಗೆ? 4 ಓಮಿಗೆ 200 ವ್ಯಾಟು ಕೊಡುವ ಯಂತ್ರವು 8 ಓಮಿಗೆ ಹೆಚ್ಚುಕಡಮೆ ಅದರ ಅರ್ಧವನ್ನು ಮಾತ್ರ ಕೊಡುವುದು. ಮನೆಯಲ್ಲಿರುವುದು 8 ಓಮಿನ ಸ್ಪೀಕರಾದರೆ ದೊಡ್ಡ ಅಂಕಿಯಿಂದ ನಮಗೇನೂ ಲಾಭವಿಲ್ಲ.

ಎರಡನೆಯದು: ಎಷ್ಟು ವಿಕೃತಿಯಲ್ಲಿ? ನಾದವನ್ನು ಕೆಡಿಸಿಯಾದರೂ ಸರಿ, ಹಿಂಡಿ ತೆಗೆದರೆ ಅಂಕಿಯು ಬೆಳೆಯುವುದು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಪಿಎ3255 ಎಂಬ ಚಿಪ್ಪು ಅಗ್ಗವಾದ ಅನೇಕ ಪುಟ್ಟ ಯಂತ್ರಗಳಲ್ಲಿ ಇರುವುದು. ತಯಾರಕರ ಪತ್ರಿಕೆಯಲ್ಲಿಯೇ ಇದು 4 ಓಮಿಗೆ ನೂರಕ್ಕೆ 10 ವಿಕೃತಿಯಲ್ಲಿ 315 ವ್ಯಾಟನ್ನೂ, ನೂರಕ್ಕೆ 1 ವಿಕೃತಿಯಲ್ಲಿ 260 ವ್ಯಾಟನ್ನೂ ಎರಡು ಚಾನೆಲಿಗೂ ಕೊಡುವುದೆಂದು ಹೇಳಿದೆ. ಚಿಪ್ಪು ಚೆನ್ನಾದುದೇ. ಆದರೆ ಮಾರುವವರು ದೊಡ್ಡ ಅಂಕಿಯನ್ನೇ ಡಬ್ಬದ ಮೇಲೆ ಅಚ್ಚು ಹಾಕಿಸಿ, ಜೊತೆಗೆ 48 ವೋಲ್ಟ್, 5 ಆಂಪಿಯರಿನ ಅಡಾಪ್ಟರನ್ನು ಕೊಡುವುದುಂಟು. 48ನ್ನು 5ರಿಂದ ಗುಣಿಸಿದರೆ 240. ಅಡಾಪ್ಟರು ನಿರಂತರವಾಗಿ ಕೊಡಬಲ್ಲುದೇ ಒಟ್ಟು 240 ವ್ಯಾಟು. ಎರಡು ಚಾನೆಲಿನಿಂದ 600 ವ್ಯಾಟು ಎಲ್ಲಿಂದ ಬರಬೇಕು? ಕೊಡದಲ್ಲಿ ಇಲ್ಲದ ನೀರು ಬಿಂದಿಗೆಗೆ ಬಾರದು.

ಮೂರನೆಯದು: ಎಷ್ಟು ಚಾನೆಲುಗಳು ಒಟ್ಟಿಗೆ ನಡೆಯುವಾಗ? ಒಂದನ್ನೇ ನಡೆಯಿಸಿ ಅಳೆದ ಶಕ್ತಿಯು ಏಳನ್ನೂ ನಡೆಯಿಸಿದಾಗ ಇರುವುದಿಲ್ಲ. ಚಲಚ್ಚಿತ್ರದಲ್ಲಿ ಏಳೂ ಒಮ್ಮೆಗೇ ಗರ್ಜಿಸುವ ಸಂದರ್ಭವು ಅಪರೂಪವಾದುದರಿಂದ ಇದನ್ನು ದೊಡ್ಡ ದೋಷವೆನ್ನಲಾಗದು. ಆದರೂ ಎರಡು ಅಥವಾ ಐದು ಚಾನೆಲುಗಳಿಗೆ ಅಳೆದ ಅಂಕಿಯನ್ನು ಕೊಡುವ ತಯಾರಕನು, ಕೊಡದವನಿಗಿಂತ ನಂಬಿಕೆಗೆ ಅರ್ಹನು.

ಅಮೆರಿಕದಲ್ಲಿ ಇಂಥ ಜಾಹೀರಾತುಗಳನ್ನು ಅಂಕೆಯಲ್ಲಿಡಲು 1974ರಿಂದಲೇ ಸರ್ಕಾರದ ನಿಯಮವೊಂದಿದೆ. 2024ರಲ್ಲಿ ಅದನ್ನು ಬಿಗಿಮಾಡಿ, ಶಕ್ತಿಯನ್ನು 8 ಓಮಿಗೆ, 20ರಿಂದ 20,000 ಹರ್ಟ್ಸ್‌ವರೆಗಿನ ಸ್ವರಗಳಿಗೆ, ನೂರಕ್ಕೆ 1ಕ್ಕಿಂತ ಕಡಮೆ ವಿಕೃತಿಯಲ್ಲಿ ಅಳೆದು ಹೇಳಬೇಕೆಂದು ಗೊತ್ತುಮಾಡಿದರು. ನಾವೂ ಅಂಗಡಿಯಲ್ಲಿ ಇದೇ ಅಳತೆಯ ಅಂಕಿಯನ್ನು ಕೇಳುವುದು ಒಳ್ಳೆಯದು.

ನಮ್ಮ ಮನೆಗೆ ಎಷ್ಟು ಸಾಕು?

ಇದನ್ನು ಊಹೆಯಿಂದ ನಿರ್ಧರಿಸಬೇಕಾಗಿಲ್ಲ. ಒಂದು ಸಣ್ಣ ಲೆಕ್ಕವುಂಟು. ಉಪಾಧ್ಯಾಯರು ಬರೆದಿರುವಂತೆ ಅವರ ಸ್ಪೀಕರು 8 ಓಮಿನದು. ಒಂದು ವ್ಯಾಟು ಕೊಟ್ಟರೆ ಒಂದು ಮೀಟರು ದೂರದಲ್ಲಿ 87 ಡೆಸಿಬೆಲ್ ಸದ್ದು ಮಾಡುವುದು. ಅವರು ಕುಳಿತುಕೊಳ್ಳುವುದು ಸುಮಾರು ಮೂರು ಮೀಟರು ದೂರದಲ್ಲಿ. ಬಯಲಿನಲ್ಲಾದರೆ ಅಷ್ಟು ದೂರಕ್ಕೆ 9.5 ಡೆಸಿಬೆಲ್ ಕಳೆಯಬೇಕು, ಉಳಿಯುವುದು 77.5. ಕೋಣೆಯೊಳಗೆ ಗೋಡೆಗಳು ಸದ್ದನ್ನು ಹಿಂದಿರುಗಿಸುವುದರಿಂದ ನಷ್ಟವು ಇಷ್ಟಾಗದು. ಆದರೂ ಭದ್ರವಾದ ಲೆಕ್ಕಕ್ಕಾಗಿ ಇದನ್ನೇ ಇಟ್ಟುಕೊಳ್ಳೋಣ.

ಚಿತ್ರಮಂದಿರದ ಪ್ರಮಾಣದಲ್ಲಿ ಒಂದೊಂದು ಚಾನೆಲಿನ ಅತ್ಯುಚ್ಚ ಸದ್ದು 105 ಡೆಸಿಬೆಲ್. ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಕೇಳುವವರು ವಿರಳ. ಅದಕ್ಕಿಂತ 15 ಡೆಸಿಬೆಲ್ ಕೆಳಗೆ, ಎಂದರೆ ಉಚ್ಚಸ್ಥಾನದಲ್ಲಿ 90ಕ್ಕೆ ಬರುವಂತೆ ಕೇಳಿದರೆ, ಬೇಕಾಗುವುದು ಸುಮಾರು 18 ವ್ಯಾಟು. 10 ಡೆಸಿಬೆಲ್ ಕೆಳಗೆ ಕೇಳಿದರೆ 56 ವ್ಯಾಟು. ಚಿತ್ರಮಂದಿರದಷ್ಟೇ ಬೇಕೆಂದು ಹಟ ಹಿಡಿದರೆ 560 ವ್ಯಾಟು. ಪ್ರತಿ 10 ಡೆಸಿಬೆಲಿಗೂ ಹತ್ತರಷ್ಟು ಶಕ್ತಿ ಬೇಕು. ಕಿವಿಗಾದರೋ ಅದು ಸುಮಾರು ಎರಡರಷ್ಟಾಗಿ ಮಾತ್ರ ತೋರುವುದು. 100 ವ್ಯಾಟಿನ ಬದಲು 200 ವ್ಯಾಟಿನದನ್ನು ತಂದರೆ ಹೆಚ್ಚುವುದು 3 ಡೆಸಿಬೆಲ್. ಗಮನವಿಟ್ಟು ಕೇಳಿದರೆ ತಿಳಿಯುವಷ್ಟು. ಹಣವನ್ನು ಇಮ್ಮಡಿ ಮಾಡುವ ಮೊದಲು ಇದನ್ನು ಪ್ರತಿಯೊಬ್ಬ ಗೃಹಸ್ಥನೂ ಮನನ ಮಾಡತಕ್ಕುದು.

ಇನ್ನೂ ಒಂದು ವಿಷಯ. ಬಹಳ ಶಕ್ತಿಯನ್ನು ಬೇಡುವುದು ಮಂದ್ರಸ್ವರಗಳು. ಸಬ್‌ವೂಫರಿನೊಳಗೆ ಸಾಮಾನ್ಯವಾಗಿ ಅದರದೇ ಆದ ಆಂಪ್ಲಿಫೈಯರಿರುವುದು. ರಿಸೀವರಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಅದಕ್ಕೆ ಒಪ್ಪಿಸಿದರೆ ಉಳಿದ ಸ್ಪೀಕರುಗಳ ಭಾರವು ಇಳಿಯುವುದು. ಈ ಕಾರಣದಿಂದಲೇ, ಐದು ಸ್ಪೀಕರು, ಒಂದು ಸಬ್‌ವೂಫರು ಇರುವ ಮನೆಗೆ ಆರಲ್ಲ, ಐದು ಚಾನೆಲಿನ ಆಂಪ್ಲಿಫೈಯರು ಸಾಕು. ಏಳು ಸ್ಪೀಕರು ಇಡಲು ಸ್ಥಳವಿಲ್ಲದವರು ಏಳು ಚಾನೆಲಿಗೆ ಹಣ ತೆರಬಾರದು.

ಹೀಗಾದರೆ ಬೇರೆಯಾದ ಡಿ ವರ್ಗದ ಆಂಪ್ಲಿಫೈಯರು ಯಾರಿಗೆ ಬೇಕು? ನಡುಮನೆಯು ವಿಶಾಲವಾಗಿದ್ದು ದೂರದಿಂದ ಕೇಳುವವರಿಗೆ. 4 ಓಮಿನ ಅಥವಾ ಕಡಮೆ ಸದ್ದು ಮಾಡುವ ಸ್ಪೀಕರು ಉಳ್ಳವರಿಗೆ. ಗಟ್ಟಿಯಾಗಿ ಇಟ್ಟಾಗ ರಿಸೀವರಿನ ನಾದವು ಒಡೆಯುವುದು ಅಥವಾ ಅದು ಕಾದು ತಾನಾಗಿಯೇ ನಿಂತುಹೋಗುವುದು ಅನುಭವಕ್ಕೆ ಬಂದವರಿಗೆ. ಇರುವ ರಿಸೀವರಿಗೆ ಹೊಸ ಚಾನೆಲುಗಳನ್ನು ಸೇರಿಸಬೇಕಾದವರಿಗೆ. ಇವರು ಕೊಳ್ಳಲಿ, ಕೊಂಡರೆ ಡಿ ವರ್ಗದ್ದನ್ನೇ ಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ.

ಕೊಳ್ಳುವ ಮುನ್ನ ನೋಡತಕ್ಕ ಸಂಗತಿಗಳು

ನಮ್ಮ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಾವೂ ಐದು ಚಾನೆಲಿನ ಆಂಪ್ಲಿಫೈಯರೊಂದನ್ನು ಉತ್ಸಾಹದಿಂದ ತಂದೆವು. ಮನೆಗೆ ತಂದು ಬಿಚ್ಚಿದ ಮೇಲೆ ನೋಡಿದರೆ, ನಮ್ಮ ರಿಸೀವರಿನ ಬೆನ್ನಿನಲ್ಲಿ ಅದಕ್ಕೆ ಸಂಜ್ಞೆಯನ್ನು ಕೊಡುವ ಪ್ರೀ-ಔಟ್ ಎಂಬ ತೂತುಗಳು ಸಬ್‌ವೂಫರಿಗೊಂದನ್ನು ಬಿಟ್ಟು ಬೇರಾವುವೂ ಇರಲಿಲ್ಲ. ಬಹುಚಾನೆಲಿನ ಆಂಪ್ಲಿಫೈಯರಿಗೆ ಸಾಧಾರಣವಾಗಿ ಎಚ್‌ಡಿಎಂಐ ಇಲ್ಲ, ಸದ್ದನ್ನು ಏರಿಸಿ ಇಳಿಸುವ ಗುಂಡಿಯಿಲ್ಲ. ಹಿಂದಿನಿಂದ ಒಬ್ಬರು ನಡೆಯಿಸದೆ ಅದು ನಡೆಯದು. ಅಂಗಡಿಯವರು ಹೇಳಲಿಲ್ಲ, ನಾವು ಕೇಳಲಿಲ್ಲ. ಆ ಪೆಟ್ಟಿಗೆಯು ಆರು ತಿಂಗಳು ಅಟ್ಟದ ಮೇಲೆ ಇದ್ದಿತು. ಮನೆಯಾಕೆಯು ಆ ಕಡೆಗೆ ನೋಡಿದಾಗಲೆಲ್ಲ ನಾವು ಬೇರೆ ಕಡೆಗೆ ನೋಡುತ್ತಿದ್ದೆವು. ಆದುದರಿಂದ ಮೊದಲು ರಿಸೀವರನ್ನು ತಿರುಗಿಸಿ ಬೆನ್ನನ್ನು ನೋಡಿರಿ. ಎಲ್ಲ ಚಾನೆಲುಗಳಿಗೂ ಪ್ರೀ-ಔಟ್ ಇದೆಯೆ ಎಂದು ಎಣಿಸಿರಿ.

ಎರಡನೆಯದಾಗಿ, ಡಿ ವರ್ಗದ ಅನೇಕ ಯಂತ್ರಗಳಲ್ಲಿ ಸ್ಪೀಕರಿಗೆ ಹೋಗುವ ಎರಡು ತಂತಿಗಳಲ್ಲಿ ಕಪ್ಪು ತಂತಿಯೂ ಭೂಮಿಗೆ ಸೇರಿರುವುದಿಲ್ಲ, ಎರಡರಲ್ಲಿಯೂ ಸಂಜ್ಞೆಯಿರುವುದು. ಹಳೆಯ ಅಭ್ಯಾಸದಂತೆ ಹಲವು ಸ್ಪೀಕರುಗಳ ಕಪ್ಪು ತಂತಿಗಳನ್ನು ಒಂದೆಡೆ ಕಟ್ಟಿದರೆ ಯಂತ್ರವು ಸುಟ್ಟುಹೋದೀತು. ಪ್ರತಿಯೊಂದು ಸ್ಪೀಕರಿಗೂ ಅದರದೇ ಆದ ಜೋಡಿ ತಂತಿಯನ್ನು ಎಳೆಯತಕ್ಕುದು.

ಮೂರನೆಯದಾಗಿ, ಯಾವ ಸದ್ದೂ ಇಲ್ಲದಾಗ ಸ್ಪೀಕರಿನ ಬಳಿ ಕಿವಿಯಿಟ್ಟು ಕೇಳಿರಿ. ಕುಳಿತ ಜಾಗಕ್ಕೆ ಸುಯ್ಯೆಂಬ ಸದ್ದು ಕೇಳಿಸಿದರೆ ಆ ಯಂತ್ರವು ಆ ಸ್ಪೀಕರಿಗೆ ಹೊಂದದು. ನಾಲ್ಕನೆಯದಾಗಿ, ಮೂರು ಕಾಲಿನ ಪ್ಲಗ್ಗಿನ ಭೂಮಿಯ ತಂತಿಯು ಗೋಡೆಯಲ್ಲಿ ನಿಜವಾಗಿಯೂ ಭೂಮಿಗೆ ಸೇರಿದೆಯೆ ಎಂದು ಎಲೆಕ್ಟ್ರಿಷಿಯನ್ನಿನಿಂದ ನೋಡಿಸಿರಿ. ಗುಂಯ್‌ಗುಟ್ಟುವಿಕೆಯನ್ನು ನಿಲ್ಲಿಸಲು ಆ ಕಾಲನ್ನು ಮುರಿಯುವುದು ಪ್ರಾಣಕ್ಕೆ ಅಪಾಯ. ಐದನೆಯದಾಗಿ, ತಣ್ಣಗಿರುವುದೆಂದು ಹೇಳಿದೆವೆಂದು ಅದನ್ನು ಬಟ್ಟೆ ಮುಚ್ಚಿ ಇಡಬೇಡಿರಿ. ಮೇಲೆಯೂ ಪಕ್ಕಗಳಲ್ಲಿಯೂ ಗಾಳಿಯಾಡಲು ಜಾಗವಿರಲಿ. ಇರುವೆ, ಹಲ್ಲಿಗಳು ಬೆಚ್ಚನೆಯ ಪೆಟ್ಟಿಗೆಯನ್ನು ಹುಡುಕಿಕೊಂಡು ಬರುವುದನ್ನೂ ಮರೆಯಬಾರದು.

ಕಡೆಯದಾಗಿ ದುರಸ್ತಿಯ ಮಾತು. ಎಬಿ ವರ್ಗದ ಯಂತ್ರವು ಕೆಟ್ಟರೆ ಕೈಬಲ್ಲ ಮೆಕ್ಯಾನಿಕ್ಕು ಒಂದೆರಡು ಟ್ರಾನ್ಸಿಸ್ಟರನ್ನು ಬದಲಾಯಿಸಿ ಸರಿಮಾಡುವನು. ಡಿ ವರ್ಗದಲ್ಲಿ ಸಾಮಾನ್ಯವಾಗಿ ಒಂದು ಇಡೀ ಭಾಗವನ್ನೇ ಬದಲಾಯಿಸಬೇಕಾಗುವುದು. ಅದು ನಮ್ಮ ದೇಶದಲ್ಲಿ ದೊರೆಯುವುದೆ, ವಾರಂಟಿಗೆ ಹೊಣೆಯಾರು, ಅವರ ಊರು ಯಾವುದು ಎಂಬುದನ್ನು ಬರೆಹದಲ್ಲಿ ಪಡೆದು ಆ ಮೇಲೆ ಹಣ ಕೊಡುವುದು ಕ್ಷೇಮ.

ಇನ್ನು ತಾಯಿಯವರ ವಿಷಯ

ಉಪಾಧ್ಯಾಯರ ರಿಸೀವರಿನ ಪತ್ರಿಕೆಯನ್ನು ನೋಡಿದೆವು. ಅದು ಎರಡು ಚಾನೆಲು ನಡೆಯುವಾಗ, 8 ಓಮಿಗೆ, ಅಲ್ಪ ವಿಕೃತಿಯಲ್ಲಿ 70 ವ್ಯಾಟು ಕೊಡುವುದು. ಮೇಲಿನ ಲೆಕ್ಕದಂತೆ ಅವರ ಮನೆಗೆ ಅದು ಧಾರಾಳವಾಗಿ ಸಾಕು. ಅಂಗಡಿಯವರು ಹೇಳಿದ 300 ವ್ಯಾಟಿನಿಂದ ಹೆಚ್ಚೆಂದರೆ ಆರು ಡೆಸಿಬೆಲ್ ದೊರಕೀತು. ಅದೂ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಾಗ. ಅಜ್ಜಿಯವರಿಗೆ ಬೇಕಾದುದು ಅದಲ್ಲ.

ವೃದ್ಧಾಪ್ಯದಲ್ಲಿ ಕಿವಿಯು ಮೊದಲು ಕಳೆದುಕೊಳ್ಳುವುದು ತಾರಸ್ವರಗಳನ್ನು. ಸ, ಶ, ತ, ಕ ಮೊದಲಾದ ವ್ಯಂಜನಗಳನ್ನು ಒಂದರಿಂದೊಂದು ಬೇರೆಯಾಗಿ ತಿಳಿಸುವುವು ಆ ಸ್ವರಗಳೇ. ಆದುದರಿಂದ ಮುದುಕರಿಗೆ ಯಾರೋ ಮಾತನಾಡುತ್ತಿರುವುದು ಕೇಳಿಸುವುದು, ಏನೆಂದು ತಿಳಿಯದು. ಎಲ್ಲವನ್ನೂ ಗಟ್ಟಿ ಮಾಡಿದರೆ ಗುಡುಗು, ಬಂದೂಕು, ವಾದ್ಯಗಳೂ ಗಟ್ಟಿಯಾಗಿ ಮಾತನ್ನು ಇನ್ನಷ್ಟು ಮುಚ್ಚುವುವು. ಮನೆಯ ಮಕ್ಕಳ ಎಳೆಯ ಕಿವಿಗೆ ಅದರಿಂದ ಕೆಡುಕೂ ಉಂಟು. ವಾರಕ್ಕೆ 40 ಗಂಟೆಗಳ ಶ್ರವಣಕ್ಕೆ ದೊಡ್ಡವರಿಗೆ 80, ಮಕ್ಕಳಿಗೆ 75 ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ.

ಆದಕಾರಣ ಹಣ ಬೇಡದ ಉಪಾಯಗಳನ್ನು ಮೊದಲು ಮಾಡಿರೆಂದು ನಾವು ಅವರಿಗೆ ಈ ಪುಟ ಅಚ್ಚಾಗುವುದಕ್ಕೆ ಮುಂಚೆಯೇ ಬರೆದೆವು. ಚಿತ್ರದ ಮಾತುಗಳು ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ. ಅವರ ಮನೆಯಲ್ಲಿ ಅದು ಬೀರುವಿನ ಕೆಳಗಿನ ಹಲಗೆಯಲ್ಲಿ ಒಳಕ್ಕೆ ತಳ್ಳಿಹೋಗಿ, ಕುಳಿತವರ ಮೊಳಕಾಲಿಗೆ ಮಾತನಾಡುತ್ತಿದ್ದಿತು. ಅದನ್ನು ಮುಂದಕ್ಕೆ ಎಳೆದು, ಮುಖವನ್ನು ಅಜ್ಜಿಯವರ ಕಿವಿಯ ಕಡೆಗೆ ಎತ್ತಿ ಇಡಬೇಕು. ರಿಸೀವರಿನಲ್ಲಿ ಆ ಒಂದು ಚಾನೆಲನ್ನು ಮಾತ್ರ 3 ಡೆಸಿಬೆಲ್ ಏರಿಸಬೇಕು. ರಾತ್ರಿಯ ಶ್ರವಣಕ್ಕೆಂದು ಇರುವ ಏರ್ಪಾಡನ್ನು ಹಾಕಿದರೆ ಅಬ್ಬರಗಳು ತಗ್ಗಿ ಮಾತು ಮೇಲೇಳುವುದು. ನುಣುಪಾದ ನೆಲ, ಬರಿಯ ಗೋಡೆಗಳಿರುವ ನಡುಮನೆಯಲ್ಲಿ ಪ್ರತಿಯೊಂದು ಮಾತೂ ಹಿಂದಿರುಗಿ ಬಂದು ಮುಂದಿನ ಮಾತಿನ ಮೇಲೆ ಬೀಳುವುದು. ದಪ್ಪನೆಯ ಜಮಖಾನೆಯೊಂದನ್ನು ಹಾಸಿ, ಕಿಟಕಿಗಳಿಗೆ ಭಾರವಾದ ಪರದೆಗಳನ್ನು ಕಟ್ಟಬೇಕು. ಅಜ್ಜಿಯವರ ಕುರ್ಚಿಯನ್ನು ಹಿಂದಿನ ಗೋಡೆಯಿಂದ ಮುಂದಕ್ಕೆ ತರಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ಆಕೆಯನ್ನು ಕಿವಿಯ ವೈದ್ಯರಿಗೆ ತೋರಿಸಬೇಕು. ಠೇವಣಿಯ ಹಣವನ್ನು ತೆಗೆಯಲೇಬೇಕಾದರೆ ಅದು ಶ್ರವಣಯಂತ್ರಕ್ಕೆ ಹೋಗಲಿ.

ಮತ್ತೊಂದು ಮಾತನ್ನೂ ಬರೆದೆವು. ಅಜ್ಜಿಯವರು ಮೆಚ್ಚುವ 1970ರ ದಶಕದ ಕನ್ನಡ ಚಿತ್ರಗಳಲ್ಲಿ ಬಹುಪಾಲಿನವುಗಳ ನಾದವು ಒಂದೇ ಚಾನೆಲಿನದು. ಅವಕ್ಕೆ ಏಳು ಚಾನೆಲುಗಳಿಂದ ಆಗಬೇಕಾದುದು ಏನೂ ಇಲ್ಲ. ನಡುವಿನ ಒಂದು ಸ್ಪೀಕರು ಸರಿಯಾಗಿ ನುಡಿದರೆ ಚಿತ್ರವೆಲ್ಲವೂ ನುಡಿದಂತೆಯೇ.

ಮೂರು ವಾರಗಳ ಮೇಲೆ ಅವರಿಂದ ಉತ್ತರ ಬಂದಿತು. ವೈದ್ಯರು ಎರಡು ಕಿವಿಗೂ ಶ್ರವಣಯಂತ್ರ ಬೇಕೆಂದಿರುವರು. ತಾಯಿಯವರು "ಈ ವಯಸ್ಸಿನಲ್ಲಿ ನನಗದೇಕೆ" ಎಂದು ಇನ್ನೂ ಒಪ್ಪಿಲ್ಲ. ಸ್ಪೀಕರನ್ನು ಎತ್ತಿಟ್ಟು ಜಮಖಾನೆ ಹಾಸಿದ ಶನಿವಾರ ಆಕೆ ಅರ್ಧ ಚಿತ್ರದವರೆಗೆ ಕುಳಿತಿದ್ದರಂತೆ. ಮುಂದಿನ ವಾರ ಹಾಸ್ಯದ ಹಳೆಯ ಚಿತ್ರವೊಂದನ್ನು ಹಾಕಿದಾಗ ಮಕ್ಕಳು ನಕ್ಕ ಕ್ಷಣದಲ್ಲಿಯೇ ಆಕೆಯೂ ನಕ್ಕರಂತೆ; ಇಷ್ಟು ದಿನ ಇತರರು ನಕ್ಕುದನ್ನು ನೋಡಿ ನಗುತ್ತಿದ್ದವರು. "ಆಂಪ್ಲಿಫೈಯರನ್ನು ಕೊಳ್ಳಲಿಲ್ಲ" ಎಂದು ಮಾತ್ರ ಉಪಾಧ್ಯಾಯರು ಅದರ ಕೆಳಗೆ ಬರೆದಿರುವರು.

ನಮ್ಮ ವಾಚಕರಲ್ಲಿ ನಿಜವಾಗಿ ಅಗತ್ಯವಿದ್ದವರು ಡಿ ವರ್ಗದ ಆಂಪ್ಲಿಫೈಯರನ್ನು ಸಂದೇಹವಿಲ್ಲದೆ ಕೊಳ್ಳಬಹುದು. ಅದು ಈಗ ಪಕ್ವವಾದ ವಸ್ತು. ಆದರೆ ಮೊದಲು ಕೋಣೆ, ಆ ಮೇಲೆ ಸ್ಪೀಕರು, ಕಡೆಗೆ ಆಂಪ್ಲಿಫೈಯರು ಎಂಬ ಕ್ರಮವನ್ನು ಬಿಡಬೇಡಿರಿ. ಮನೆಯಲ್ಲಿ ಎಲ್ಲರಿಗಿಂತ ಕಡಮೆ ಕೇಳಿಸುವವರು ಎಲ್ಲಿ ಕುಳಿತುಕೊಳ್ಳುವರೋ ಅಲ್ಲಿ ನೀವು ಒಮ್ಮೆ ಕುಳಿತು ಕೇಳಿ, ಬಳಿಕ ಅಂಗಡಿಗೆ ಹೊರಡಿರಿ.